ಅಳಿಯನ ಮೇಜಿನ ಮೇಲೊಂದು ಬಿಳಿ ಹುಡಿ: ನೆನಪಿನ ಮದ್ದಂತೆ, ತಿಳಿದವರು ಹೇಳಿ

ಬದಿಯಡ್ಕದ ತೋಟಗಾರ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಡಿಕೆಯ ಮಹಾಳಿ ರೋಗ, ಬೋರ್ಡೋ ದ್ರಾವಣ ಇಂಥವು ಬಿಟ್ಟು ಬೇರೆ ವಿಷಯಕ್ಕೆ ನಾನು ಇಲ್ಲಿ ಬರೆಯುವುದು ಇದೇ ಮೊದಲು. ತಂಗಿಯ ಮಗ ನಮ್ಮ ಮನೆಯಲ್ಲಿದ್ದುಕೊಂಡು ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಎರಡನೆಯ ಸಲದ ಪ್ರಯತ್ನ. ವಯಸ್ಸು ಹತ್ತೊಂಬತ್ತು. ಹತ್ತು ಹನ್ನೆರಡು ದಿನಗಳ ಹಿಂದೆ ಕೊರಿಯರಿನಲ್ಲಿ ಅವನ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಶಾಂಪೂ ಪೊಟ್ಟಣದಷ್ಟೇ ದೊಡ್ಡ ಬೆಳ್ಳಿ ಬಣ್ಣದ ಪೊಟ್ಟಣ, ಅದರ ಮೂಲೆಯಲ್ಲಿ ಒಂದು ಚಿಟಿಕೆ ಬಿಳಿ ಹುಡಿ. ಅಂಟುಚೀಟಿಯ ಮೇಲೆ ಪಿಆರ್‌ಎಲ್-8-53 ಎಂದೂ 500 ಮಿಲಿಗ್ರಾಂ ಎಂದೂ ಇದೆ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಸೇವನೆಗಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ನಾನು ಅದನ್ನು ಗಟ್ಟಿಯಾಗಿ ಓದಿ, "ಇದೇನು ಮಾರಾಯ, ಗಿಡಕ್ಕೆ ಹಾಕುವುದೋ?" ಎಂದು ಕೇಳಿದೆ. ನೆನಪಿನ ಶಕ್ತಿ ಹೆಚ್ಚಿಸುವ ಔಷಧ, ಅಮೆರಿಕದಲ್ಲಿ ಪರೀಕ್ಷೆಯಾಗಿದೆ ಎಂದ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟಿದ್ದಾನಂತೆ, ಅಜ್ಜಿ ವಿಷುವಿಗೆ ಕೊಟ್ಟ ಕೈನೀಟ ಸೇರಿಸಿ.

ಬೈದರೆ ಓದುವುದನ್ನೇ ಬಿಟ್ಟಾನು ಎಂಬ ಹೆದರಿಕೆ. ಸುಮ್ಮನಿದ್ದರೆ ಏನಾದರೂ ಆದೀತು ಎಂಬ ಹೆದರಿಕೆ. ಇದು ನಿಜವಾಗಿ ಏನು?

ಮದ್ದಿನಂಗಡಿ ಉಪ್ಪಳ, ಭಾನುವಾರ ರಾತ್ರಿ

ಅಣ್ಣಾ, ಇಪ್ಪತ್ತೆರಡು ವರ್ಷಗಳಿಂದ ಮದ್ದಿನ ಅಂಗಡಿಯಲ್ಲಿ ಕುಳಿತಿದ್ದೇನೆ. ಈ ಹೆಸರಿನ ಔಷಧ ನಮ್ಮ ದೇಶದಲ್ಲಿ ಮಾತ್ರವಲ್ಲ, ಎಲ್ಲಿಯೂ ಮಂಜೂರಾಗಿಲ್ಲ. ಮಾರುವವರು "ಮನುಷ್ಯರಿಗಲ್ಲ" ಎಂದು ಬರೆಯುವುದು ನಿಮ್ಮ ಮೇಲಿನ ಕಾಳಜಿಯಿಂದಲ್ಲ, ನಾಳೆ ಕೇಸು ಬಿದ್ದರೆ ತಾವು ಪಾರಾಗಲು. ಪೊಟ್ಟಣದೊಳಗೆ ಹೆಸರಿನ ವಸ್ತುವೇ ಇದೆ ಎಂಬುದಕ್ಕೂ ಅದೇ ಮಾರುವವನ ಬಾಯಿಮಾತೇ ಸಾಕ್ಷಿ.

ಇನ್ನೊಂದು ಪ್ರಶ್ನೆ. ಹುಡುಗ ಅದನ್ನು ಅಳೆಯುವುದು ಯಾವುದರಲ್ಲಿ?

ಬದಿಯಡ್ಕದ ತೋಟಗಾರ

ಹಲ್ಲುಕಡ್ಡಿಯ ತುದಿಯಲ್ಲಿ.

ಮದ್ದಿನಂಗಡಿ ಉಪ್ಪಳ

ಶಿವನೇ. ಒಂದು ಸಲಕ್ಕೆ 5 ಮಿಲಿಗ್ರಾಂ ಎಂದು ಹೇಳುತ್ತಾರೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿ ಇದೆಯಲ್ಲ, ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ. ಅದನ್ನು ಇಪ್ಪತ್ತನಾಲ್ಕು ಪಾಲು ಮಾಡಿ ಒಂದು ಪಾಲು ತೆಗೆಯಬೇಕು. ಹಲ್ಲುಕಡ್ಡಿಯಲ್ಲಿ ತೆಗೆದರೆ ಒಂದು ದಿನ ಮೂರು, ಮರುದಿನ ಮೂವತ್ತು. ಮದ್ದು ಒಳ್ಳೆಯದೋ ಕೆಟ್ಟದೋ ಎಂಬ ಮಾತು ಆಮೇಲಿನದು.

ಪಯಸ್ವಿನಿ, ಸೋಮವಾರ ಬೆಳಿಗ್ಗೆ

ನಾನು ಆದೂರಿನವಳು, ಈಗ ಬೆಂಗಳೂರಿನಲ್ಲಿ ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಈ ಪಿಆರ್‌ಎಲ್-8-53ರ ಹಿನ್ನೆಲೆ ಸ್ವಲ್ಪ ವಿಚಿತ್ರವಾಗಿದೆ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿರುವ ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ನಿಕೋಲಸ್ ಹಾನ್ಸ್ಲ್ ಎಂಬ ಪ್ರಾಧ್ಯಾಪಕರು 1970ರ ದಶಕದಲ್ಲಿ ಈ ಸಂಯುಕ್ತವನ್ನು ತಯಾರಿಸಿದರು. ರಾಸಾಯನಿಕವಾಗಿ ಇದು ಬೆಂಜೋಯಿಕ್ ಆಮ್ಲದ ಒಂದು ಎಸ್ಟರ್. ಮನುಷ್ಯರ ಮೇಲಿನ ಪ್ರಯೋಗದ ವರದಿ 1978ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ 47 ಮಂದಿ, 5 ಮಿಲಿಗ್ರಾಂ ಪ್ರಮಾಣ. ಮದ್ದು ಯಾರಿಗೆ, ಬರಿಯ ಹುಸಿಗುಳಿಗೆ ಯಾರಿಗೆ ಎಂಬುದು ಕೊಟ್ಟವರಿಗೂ ತಿಳಿಯದು, ತೆಗೆದುಕೊಂಡವರಿಗೂ ತಿಳಿಯದು. ಪದಗಳ ಒಂದು ಪಟ್ಟಿಯನ್ನು ಒಂದೊಂದಾಗಿ ತೋರಿಸುತ್ತಾ ಹೋಗುತ್ತಾರೆ, ಮುಂದಿನ ಪದ ಯಾವುದೆಂದು ಮೊದಲೇ ಹೇಳಬೇಕು. ಕಲಿಯುವುದರಲ್ಲಿ ಅಲ್ಪ ಸುಧಾರಣೆ ಕಂಡಿತು. ಕಲಿತದ್ದನ್ನು ದಿನಗಳ ನಂತರ ಉಳಿಸಿಕೊಳ್ಳುವುದರಲ್ಲಿ ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಸುಧಾರಣೆ ಕಂಡಿತು. ಕಣ್ಣಿನಿಂದ ನೋಡಿ ಪ್ರತಿಕ್ರಿಯಿಸುವ ವೇಗ, ಕೈಕಾಲುಗಳ ಹಿಡಿತ ಬದಲಾಗಲಿಲ್ಲ.

ಇಲ್ಲಿಯವರೆಗೆ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಆದರೆ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ಬೇರೆ ಪ್ರಯೋಗಾಲಯದವರು ಅದನ್ನೇ ಮನುಷ್ಯರ ಮೇಲೆ ಮತ್ತೊಮ್ಮೆ ಮಾಡಿ, "ಹೌದು, ನಮಗೂ ಹಾಗೆಯೇ ಕಂಡಿತು" ಎಂದು ಪ್ರಕಟಿಸಿದ್ದಿಲ್ಲ. ವಸ್ತುವನ್ನು ತಯಾರಿಸಿದವರು, ಪೇಟೆಂಟ್ ಪಡೆದವರು, ಪರೀಕ್ಷಿಸಿದವರು ಎಲ್ಲ ಒಬ್ಬರೇ. ಅವರು ಸುಳ್ಳು ಹೇಳಿದರು ಎನ್ನುತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೆ.

ಇನ್ನೊಂದು ವಿಷಯ ತೋಟಗಾರರಿಗೆ ನಗು ತರಿಸಬಹುದು. ಆ ವರದಿಯಲ್ಲಿ ಹೆಚ್ಚು ಉಪಕಾರ ಕಂಡದ್ದು ಮೂವತ್ತು ದಾಟಿದವರಲ್ಲಿ. ಆ ಲೆಕ್ಕದಲ್ಲಿ ಹುಡಿ ನಿಮಗೆ ಬೇಕಾದದ್ದು, ಅಳಿಯನಿಗಲ್ಲ.

ಬದಿಯಡ್ಕದ ತೋಟಗಾರ

ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ಮೂರು ಸಲ ಕೇಳುತ್ತೇನಂತೆ.

ಗಡಿನಾಡ ಇಂಜಿನಿಯರ್, ಸೋಮವಾರ ಮಧ್ಯಾಹ್ನ

ಎಲ್ಲರೂ ಒಂದೇ ಕಡೆಗೆ ವಾಲುತ್ತಿದ್ದೀರಿ. 1978ರ ಆ ಪ್ರಯೋಗ ಕಳಪೆಯದಲ್ಲ, ಹೆಸರಿರುವ ನಿಯತಕಾಲಿಕೆಯಲ್ಲಿ ಬಂದದ್ದು. ಮತ್ತೆ ಯಾರೂ ಮಾಡಲಿಲ್ಲ ಎಂದರೆ ಮದ್ದು ಕೆಲಸ ಮಾಡುವುದಿಲ್ಲ ಎಂದು ಅರ್ಥವೇ? ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಲಾಭವಿಲ್ಲದ ವಸ್ತುವಿನ ಮೇಲೆ ಕೋಟಿಗಟ್ಟಲೆ ಹಣ ಸುರಿಯುವ ಕಂಪನಿ ಯಾವುದು? ನಾನು ಇಂಥ ಎರಡು ಮೂರು ಸಂಯುಕ್ತಗಳನ್ನು ಸ್ವತಃ ತೆಗೆದುಕೊಂಡು ನೋಡಿದ್ದೇನೆ. ಸತ್ತಿಲ್ಲ.

ಎಣ್ಮಕಜೆ

"ಸತ್ತಿಲ್ಲ" ಎಂಬ ಮಾತನ್ನು ನಮ್ಮ ಊರಿನಲ್ಲಿ ಹೇಳಬೇಡಿ ಸ್ವಾಮಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದಾಗ ನಾನು ನಾಲ್ಕನೆಯ ತರಗತಿ. ಶಾಲೆಯ ಅಂಗಳದಲ್ಲಿ ಕೈಬೀಸಿ ನೋಡುತ್ತಿದ್ದೆವು. ಅಂದು ಸಂಜೆಯೂ ಯಾರೂ ಸಾಯಲಿಲ್ಲ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ದೇಶದಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಅಷ್ಟರೊಳಗೆ ಏನೇನಾಯಿತು ಎಂದು ಪಡ್ರೆಯಲ್ಲಿ ಯಾವ ಮನೆಯ ಮೆಟ್ಟಿಲು ಹತ್ತಿ ಕೇಳಿದರೂ ಹೇಳುತ್ತಾರೆ.

ಗಡಿನಾಡ ಇಂಜಿನಿಯರ್

ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ಕೀಟನಾಶಕ, ಇದು 5 ಮಿಲಿಗ್ರಾಂ.

ಪಯಸ್ವಿನಿ, ಸೋಮವಾರ ಸಂಜೆ

ವಸ್ತುಗಳಿಗೆ ಸಂಬಂಧವಿಲ್ಲ, ಒಪ್ಪುತ್ತೇನೆ. ಆದರೆ ಎಣ್ಮಕಜೆಯವರ ಪ್ರಶ್ನೆ ಸರಿಯಾದದ್ದೇ: ಎಷ್ಟು ದಿನ, ಎಷ್ಟು ಮಂದಿಯನ್ನು, ಯಾರು ನೋಡಿಕೊಂಡರು? ಆ 47 ಮಂದಿಯ ಪ್ರಯೋಗ ತಿಂಗಳುಗಟ್ಟಲೆ ತೆಗೆದುಕೊಂಡವರ ಪ್ರಯೋಗವಲ್ಲ. ದಿನವೂ ತಿಂದರೆ ಒಂದು ವರ್ಷದಲ್ಲಿ ಯಕೃತ್ತಿಗೆ, ಹೃದಯಕ್ಕೆ, ನಿದ್ದೆಗೆ ಏನಾಗುತ್ತದೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಪ್ರಾಣಿಗಳ ಮೇಲಿನ ಕೆಲಸದಿಂದ ಇದು ನರಕೋಶಗಳ ನಡುವೆ ಸಂದೇಶ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆಯನ್ನು ಮುಟ್ಟುತ್ತದೆ ಎಂಬ ಸುಳಿವಿದೆ. ಹತ್ತೊಂಬತ್ತರ ಮಿದುಳಿನಲ್ಲಿ ಡೋಪಮಿನ್ ಜೊತೆ ಹಲ್ಲುಕಡ್ಡಿಯಿಂದ ಆಟವಾಡುವುದು ಬೇಡ.

ಹಣ ಹಾಕುವವರಿಲ್ಲ ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ. ಆದರೆ ಆ ಮಾತನ್ನು ಜಗತ್ತಿನ ಯಾವ ಮೂಲೆಗುಂಪಾದ ಮದ್ದಿಗೂ ಹೇಳಬಹುದು, ಕೆಲಸ ಮಾಡದವುಗಳಿಗೂ.

ಗಡಿನಾಡ ಇಂಜಿನಿಯರ್

ಹಾಗಾದರೆ ಇಸ್ರಿಬ್? ಅದಕ್ಕೆ ಹಣವೂ ಇದೆ, ದೊಡ್ಡ ಹೆಸರುಗಳೂ ಇವೆ.

ಪಯಸ್ವಿನಿ, ಸೋಮವಾರ ರಾತ್ರಿ

ಒಳ್ಳೆಯದು ನೆನಪಿಸಿದಿರಿ, ಅದು ನನಗೆ ಪ್ರಿಯವಾದ ವಿಷಯ. ಗುಡ್ಡ ಕೊರೆದು ನೀರು ತರುವ ನಮ್ಮ ಕಡೆಯ ಸುರಂಗದ ಲೆಕ್ಕದಲ್ಲಿ ಹೇಳುತ್ತೇನೆ. ಏಪ್ರಿಲ್ ತಿಂಗಳಿನಲ್ಲಿ ಸುರಂಗದ ನೀರು ನೂಲಿನಂತೆ ಇಳಿದಾಗ ಏನು ಮಾಡುತ್ತೇವೆ? ತೋಟಕ್ಕೆ ಹೋಗುವ ದಾರಿಯನ್ನು ಕಟ್ಟಿ, ಮನೆಯ ಬಳಕೆಗೆ ಮಾತ್ರ ಬಿಡುತ್ತೇವೆ. ಜೀವಕೋಶವೂ ಹಾಗೆಯೇ. ಸೋಂಕು, ಪೆಟ್ಟು, ಪೋಷಕಾಂಶದ ಕೊರತೆ, ಏನೇ ಕಷ್ಟ ಬಂದರೂ ಹೊಸ ಪ್ರೋಟೀನ್ ತಯಾರಿಗೆ ಕಟ್ಟೆ ಹಾಕಿಬಿಡುತ್ತದೆ. ಆದರೆ ನೆನಪು ಗಟ್ಟಿಯಾಗಿ ಉಳಿಯಬೇಕಾದರೆ ನರಕೋಶಗಳಲ್ಲಿ ಹೊಸ ಪ್ರೋಟೀನ್ ಆಗಲೇಬೇಕು. ಇಸ್ರಿಬ್ ಎಂಬ ಅಣು ಆ ಕಟ್ಟೆಯನ್ನು ತೆರೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯಲ್ಲಿ ಪೀಟರ್ ವಾಲ್ಟರ್ ಅವರ ತಂಡ 2013ರಲ್ಲಿ ಇದನ್ನು ಪ್ರಕಟಿಸಿತು. ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಮೆಟ್ಟಿಲನ್ನು ಹುಡುಕುವ ಪರೀಕ್ಷೆಯಲ್ಲಿ ಇಸ್ರಿಬ್ ಪಡೆದ ಇಲಿಗಳು ಬೇಗ ದಾರಿ ಕಲಿತವು. 2017ರಲ್ಲಿ ತಲೆಗೆ ಪೆಟ್ಟಾದ ಇಲಿಗಳಲ್ಲಿ, 2020ರಲ್ಲಿ ಮುದಿ ಇಲಿಗಳಲ್ಲಿ ಕೆಲವೇ ದಿನಗಳ ಮದ್ದಿಗೆ ಕಳೆದುಹೋದ ಸಾಮರ್ಥ್ಯ ಮರಳಿದ್ದು ಕಂಡಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸುಳ್ಳಲ್ಲ.

ಇದರ ದಾರಿಯಲ್ಲೇ ಕೆಲಸ ಮಾಡುವ ಎರಡು ಔಷಧಗಳನ್ನು ಸ್ನಾಯುಗಳ ಶಕ್ತಿ ಕುಂದಿಸುವ ಎಎಲ್‌ಎಸ್ ಎಂಬ ನರರೋಗದ ರೋಗಿಗಳ ಮೇಲೆ ಪ್ರಯೋಗಿಸಿದರು. 2025ರ ಆರಂಭದಲ್ಲಿ ಫಲಿತಾಂಶ ಬಂತು: ಎರಡೂ ತಮ್ಮ ಮುಖ್ಯ ಗುರಿ ತಲುಪಲಿಲ್ಲ. ಅದು ಬೇರೆ ರೋಗ, ನೆನಪಿನ ಪ್ರಶ್ನೆಯಲ್ಲ. ಆದರೂ ಹಣ, ಹೆಸರು, ಇಲಿ ಎಲ್ಲವೂ ಒಟ್ಟಾಗಿ ಇದ್ದಾಗಲೂ ಮನುಷ್ಯನ ಹತ್ತಿರ ಬಂದಾಗ ಹೀಗಾಗುತ್ತದೆ. ಇನ್ನು ಕಟ್ಟೆಯನ್ನು ಕಟ್ಟಿದ್ದು ಕಾರಣವಿದ್ದೇ ಅಲ್ಲವೇ? ಸುರಂಗ ಬತ್ತಿದಾಗ ತೋಟಕ್ಕೆ ನೀರು ಬಿಟ್ಟರೆ ಮನೆಯವರು ಏನು ಕುಡಿಯುವುದು?

ಪೆರ್ಲದ ಅಕ್ಕ, ಮಂಗಳವಾರ ಬೆಳಿಗ್ಗೆ

ಇಷ್ಟೆಲ್ಲ ಯಾಕೆ? ತೋಟದ ಬದುವಿನಲ್ಲಿ ಬೇಕಾದಷ್ಟು ತಿಮರೆ ಇದೆ. ಒಂದು ಹಿಡಿ ಕೊಯ್ದು, ತೆಂಗಿನಕಾಯಿ, ಜೀರಿಗೆ ಹಾಕಿ ಅರೆದು, ಮಜ್ಜಿಗೆ ಸೇರಿಸಿ ತಂಬುಳಿ ಮಾಡಿಕೊಡಿ. ಬ್ರಾಹ್ಮಿ ಎಂದು ಋಷಿಗಳೇ ಹೇಳಿದ್ದಲ್ಲವೇ?

ಮದ್ದಿನಂಗಡಿ ಉಪ್ಪಳ

ಅಕ್ಕಾ, ತಂಬುಳಿಗೆ ನನ್ನ ಅಡ್ಡಿಯಿಲ್ಲ. ಆದರೆ ಗಡಿಯಲ್ಲಿರುವ ನಮಗೆ ಇದೊಂದು ಗೊಂದಲ ಇದ್ದದ್ದೇ. ನಮ್ಮ ತಿಮರೆ, ಅಂದರೆ ಒಂದೆಲಗ, ಒಂದು ದಂಟಿಗೆ ಒಂದೇ ದುಂಡು ಎಲೆ. ಕನ್ನಡದವರು ಇದನ್ನೇ ಬ್ರಾಹ್ಮಿ ಎನ್ನುತ್ತಾರೆ. ಮಲಯಾಳದವರಿಗೆ ಇದು ಮುತ್ತಿಳ್. ಅವರು ಬ್ರಹ್ಮಿ ಎನ್ನುವುದು ನೀರುಬ್ರಾಹ್ಮಿಗೆ: ತೋಡಿನ ಬದಿಯ ಕೆಸರಿನಲ್ಲಿ ಹಬ್ಬುವ, ದಪ್ಪ ಪುಟ್ಟ ಎಲೆಗಳ, ಬಿಳಿ ಹೂವಿನ ಬಳ್ಳಿ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಕಾಸರಗೋಡಿನ ಆಚೆಯಿಂದ ಬಂದ ವೈದ್ಯರ ಚೀಟಿಯನ್ನು ಹಿಡಿದು ಮಂಗಳೂರಿನ ಅಂಗಡಿಗೆ ಹೋದವರಿಗೆ ತಪ್ಪು ಗಿಡದ ಹುಡಿ ಸಿಕ್ಕಿದ್ದನ್ನು ಕಂಡಿದ್ದೇನೆ.

ಪಯಸ್ವಿನಿ

ನೆನಪಿಗೆ ಸಂಬಂಧಿಸಿ ಹೆಚ್ಚು ಪರೀಕ್ಷೆ ಆಗಿರುವುದು ನೀರುಬ್ರಾಹ್ಮಿಯ ಮೇಲೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಅದರ ಬಾಕೊಸೈಡ್ ಎಂಬ ಅಂಶಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಪ್ರಮಾಣೀಕರಿಸಿದ ಸಾರ ತಯಾರಿಸಿತು. 2001ರಲ್ಲಿ ಆಸ್ಟ್ರೇಲಿಯಾದಲ್ಲಿ 46 ಮಂದಿಗೆ ದಿನಕ್ಕೆ 300 ಮಿಲಿಗ್ರಾಂ ಸಾರ ಕೊಟ್ಟು ನೋಡಿದರು. ಐದು ವಾರದಲ್ಲಿ ಏನೂ ಕಾಣಲಿಲ್ಲ, ಹನ್ನೆರಡು ವಾರಕ್ಕೆ ಸ್ವಲ್ಪ ಕಂಡಿತು. ಮರುವರ್ಷ ಅಲ್ಲಿಯೇ ಇನ್ನೊಂದು ತಂಡ 76 ಮಂದಿಯ ಮೇಲೆ ಮೂರು ತಿಂಗಳು ಪ್ರಯೋಗ ಮಾಡಿತು. ಅವರಿಗೆ ಕಲಿಕೆಯ ವೇಗ ಹೆಚ್ಚಿದ್ದು ಕಾಣಲಿಲ್ಲ, ಮರೆಯುವ ವೇಗ ತಗ್ಗಿದ್ದು ಕಂಡಿತು. ಹಿಂದಿನ ದಿನ ತಂಬುಳಿ ಉಂಡು ಮರುದಿನ ಪರೀಕ್ಷೆಗೆ ಹೋಗುವ ಲೆಕ್ಕವಲ್ಲ. ಕೆಲವರಿಗೆ ಹೊಟ್ಟೆ ಕೆಡುವುದೂ ಉಂಟು.

ಮದ್ದಿನಂಗಡಿ ಉಪ್ಪಳ

ಮಾರ್ಚ್ ತಿಂಗಳು ಬಂದರೆ ನನ್ನ ಅಂಗಡಿಗೆ "ಬುದ್ಧಿಯ ಮಾತ್ರೆ ಉಂಟೋ" ಎಂದು ಕೇಳಿಕೊಂಡು ಬರುವವರು ಪ್ರತಿ ದಿನ ಇಬ್ಬರಾದರೂ ಇರುತ್ತಾರೆ. ಪಿರಾಸಿಟಮ್ ಎಂಬ ಹೆಸರನ್ನು ಎಲ್ಲಿಂದಲೋ ತಿಳಿದುಕೊಂಡಿರುತ್ತಾರೆ. ಅದು 1964ರಲ್ಲಿ ಬೆಲ್ಜಿಯಂನಲ್ಲಿ ಕಾರ್ನೆಲಿಯು ಜುರ್ಜಿಯಾ ಎಂಬವರು ತಯಾರಿಸಿದ ವಸ್ತು, ಇಂಥ ಬುದ್ಧಿಯ ಮದ್ದುಗಳಿಗೆ ನೂಟ್ರೋಪಿಕ್ ಎಂಬ ಶಬ್ದವನ್ನು 1972ರಲ್ಲಿ ಹುಟ್ಟುಹಾಕಿದವರೂ ಅವರೇ. ನನ್ನಲ್ಲಿ ಅದು ಇದೆ, ಪಾರ್ಶ್ವವಾಯು ಆದವರಿಗೆ ವೈದ್ಯರು ಬರೆದ ಚೀಟಿಗೆ ಕೊಡುತ್ತೇನೆ. ಶಾಲೆಯ ಸಮವಸ್ತ್ರದಲ್ಲಿ ಬಂದವರಿಗೆ ಕೊಡುವುದಿಲ್ಲ.

ಚೆಂಡೆಮದ್ದಳೆ, ಮಂಗಳವಾರ ರಾತ್ರಿ

ಮೂವತ್ತು ವರ್ಷಗಳಿಂದ ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ಬಾರಿಸುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ಅರ್ಥಧಾರಿಗಳು ಎದುರಾಳಿಯ ಒಂದು ಮಾತಿಗೆ ಎಲ್ಲಿಂದಲೋ ಶ್ಲೋಕ ಎತ್ತಿ ತರುವುದನ್ನು ನೋಡಿ ಬೆರಗಾಗಿದ್ದೇನೆ. ಅವರಲ್ಲೊಬ್ಬರನ್ನು ಒಮ್ಮೆ ಕೇಳಿದೆ, ಇಷ್ಟು ನೆನಪು ಹೇಗೆ ಎಂದು. "ನೆನಪಿಟ್ಟುಕೊಳ್ಳುವುದಿಲ್ಲ ಮಾರಾಯ, ಎದುರಿಗಿರುವವ ಕೆಣಕುತ್ತಾನೆ, ಅದು ಬರುತ್ತದೆ" ಎಂದರು. ಅದೇ ಹಿರಿಯರು ಚಹಾ ಕುಡಿದು ಕೊಡೆಯನ್ನು ಅಲ್ಲೇ ಬಿಟ್ಟು ಹೋದರು. ನನ್ನ ಮನೆಯಲ್ಲಿ ಅವರ ಕೊಡೆಗಳು ಈಗಲೂ ಎರಡಿವೆ.

ಮೀಯಪದವಿನ ಮಾಷ್ಟ್ರು

ಆ ಕೆಣಕುವ ಮಾತು ಸಣ್ಣದಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇಕಡಾ 42, ಬರೆದು ನೋಡಿದವರಿಗೆ ಶೇಕಡಾ 56. ನಾನು ಸೇವೆಯಲ್ಲಿದ್ದಷ್ಟು ಕಾಲ "ಇನ್ನೊಮ್ಮೆ ಓದಿ, ಇನ್ನೊಮ್ಮೆ ಓದಿ" ಎಂದೇ ಮಕ್ಕಳಿಗೆ ಹೇಳಿದವನು. ನಿವೃತ್ತನಾದ ಮೇಲೆ ಇದನ್ನು ಓದಿ ಕೈಹಿಸುಕಿಕೊಂಡೆ. ತೋಟಗಾರರೇ, ಆ ಹುಡುಗ ಹೇಗೆ ಓದುತ್ತಾನೆ?

ಹತ್ತೊಂಬತ್ತು, ಬುಧವಾರ ಬೆಳಿಗ್ಗೆ

ಹಳದಿ ಪೆನ್ನಿನಿಂದ ಗೆರೆ ಎಳೆದು, ಮೂರು ಸಲ.

ನಾನೇ ಆ ಅಳಿಯ. ಮಾವ ಇಲ್ಲಿ ಬರೆದದ್ದು ನಿನ್ನೆ ಗೊತ್ತಾಯಿತು. ಸಿಟ್ಟು ಬಂದಿತ್ತು, ಆದರೆ ಪಯಸ್ವಿನಿ ಅಕ್ಕ ಬರೆದದ್ದನ್ನು ಪೂರ್ತಿ ಓದಿದೆ. ನನ್ನ ಕಡೆಯದನ್ನೂ ಹೇಳಬೇಕು. ನಾನು ಸುಮ್ಮನೆ ತಿಂದವನಲ್ಲ, ಲೆಕ್ಕ ಇಟ್ಟಿದ್ದೇನೆ. ಪ್ರತಿ ಸಂಜೆ ಮಾವನ ಮಗಳು ನಿಘಂಟಿನಿಂದ ಇಪ್ಪತ್ತು ಪದ ಓದುತ್ತಾಳೆ, ಅರ್ಧ ಗಂಟೆಯ ನಂತರ ನಾನು ಬರೆಯುತ್ತೇನೆ. ಹುಡಿ ಬರುವ ಮೊದಲು ಮೂರು ದಿನ 9, 11, 10. ತೆಗೆದುಕೊಂಡ ಮೊದಲ ದಿನ 13. ಆಮೇಲೆ 12, 14, 15, ಐದನೆಯ ದಿನ 17. ಇದಕ್ಕೆ ಏನು ಹೇಳುತ್ತೀರಿ?

ಗಡಿನಾಡ ಇಂಜಿನಿಯರ್

ಭೇಷ್!

ಬದಿಯಡ್ಕದ ತೋಟಗಾರ, ಬುಧವಾರ ಮಧ್ಯಾಹ್ನ

ಇದನ್ನು ಓದಿ ನಾನು ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಮೂರನೆಯ ದಿನಕ್ಕೇ ಅದನ್ನು ತೆಗೆದಿರಿಸಿ ಗಂಜಿ ಕಾಯಿಸುವ ಕೂವೆ ಹುಡಿ ತುಂಬಿಸಿದ್ದೇನೆ" ಎಂದರು. ನಾನು ಅಂದು ಅಂಟುಚೀಟಿ ಓದಿದ್ದು ಅವರ ಕಿವಿಗೆ ಬಿದ್ದಿತ್ತಂತೆ. ನಿಜವಾದ ಹುಡಿ ಈಗ ಅವರ ಎಲೆಯಡಿಕೆ ಪೆಟ್ಟಿಗೆಯಲ್ಲಿ, ಸುಣ್ಣದ ಕರಡಿಗೆಯ ಪಕ್ಕದಲ್ಲಿದೆ.

ಚೆಂಡೆಮದ್ದಳೆ

ಸುಣ್ಣದ ಪಕ್ಕದಲ್ಲಿ! ಮೊದಲು ಅದನ್ನು ಅಲ್ಲಿಂದ ತೆಗೆಯಿರಿ.

ಪೆರ್ಲದ ಅಕ್ಕ

ಅಜ್ಜಿಗೆ ನನ್ನ ದೊಡ್ಡ ನಮಸ್ಕಾರ.

ಪಯಸ್ವಿನಿ, ಬುಧವಾರ ಸಂಜೆ

ನಗು ತಡೆಯಲಾಗಲಿಲ್ಲ, ಕ್ಷಮಿಸು ತಮ್ಮಾ. ಆದರೆ ನೀನು ಲೆಕ್ಕ ಇಟ್ಟದ್ದು ತಮಾಷೆಯ ವಿಷಯವಲ್ಲ, ನಮ್ಮ ಪ್ರಯೋಗಾಲಯಕ್ಕೆ ಬರುವ ಎಷ್ಟೋ ಮಂದಿ ಅಷ್ಟೂ ಮಾಡುವುದಿಲ್ಲ. 17 ಬಂದದ್ದು ಕೂವೆಯ ದಿನ. ಅಂದರೆ ಕೂವೆಯಲ್ಲಿ ನೆನಪಿನ ಶಕ್ತಿ ಇದೆ ಎಂದಲ್ಲ. ಎಂಟು ದಿನ ಒಂದೇ ಬಗೆಯ ಪರೀಕ್ಷೆ ಮಾಡಿದರೆ ಪರೀಕ್ಷೆಯೇ ಅಭ್ಯಾಸವಾಗುತ್ತದೆ. ಪದಗಳನ್ನು ಕಥೆಯಾಗಿ ಹೆಣೆಯುವುದು, ಕೊನೆಯವನ್ನು ಮೊದಲು ಬರೆಯುವುದು, ಇಂಥ ಉಪಾಯಗಳನ್ನು ಮನಸ್ಸು ತಾನೇ ಕಂಡುಕೊಳ್ಳುತ್ತದೆ. ಜೊತೆಗೆ ಮದ್ದು ತೆಗೆದುಕೊಂಡಿದ್ದೇನೆ ಎಂಬ ನಂಬಿಕೆಯಲ್ಲಿ ಗಮನವೂ ಹೆಚ್ಚುತ್ತದೆ. ಇದಕ್ಕಾಗಿಯೇ ಹುಸಿಗುಳಿಗೆಯ ಗುಂಪು ಬೇಕಾಗುವುದು, ಅದಕ್ಕಾಗಿಯೇ ಇನ್ನೊಬ್ಬರು ಅದೇ ಪ್ರಯೋಗವನ್ನು ಮತ್ತೆ ಮಾಡಬೇಕಾಗುವುದು. ನಿನ್ನ ಅಜ್ಜಿ ಹೆಸರು ಗೊತ್ತಿಲ್ಲದೆಯೇ ಅರ್ಧ ಪ್ರಯೋಗ ಮಾಡಿದ್ದಾರೆ.

ಹತ್ತೊಂಬತ್ತು

ಮೋಸ ಮಾಡಿದ್ದು ಸರಿಯೇ? ನನ್ನ ಹತ್ತಿರ ಒಂದು ಮಾತು ಹೇಳಬಹುದಿತ್ತು.

ಎಣ್ಮಕಜೆ

ಹೇಳಿದ್ದರೆ ಕೇಳುತ್ತಿದ್ದೆಯಾ?

ಪಯಸ್ವಿನಿ

ಇಲ್ಲ, ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಾದರೆ ಒಪ್ಪಿಗೆಯಿಲ್ಲದೆ ಹೀಗೆ ಬದಲಾಯಿಸಿದರೆ ಕೆಲಸ ಹೋಗುತ್ತದೆ. ಅಜ್ಜಿಗೆ ನೈತಿಕ ಸಮಿತಿ ಇಲ್ಲ, ಮೊಮ್ಮಗ ಮಾತ್ರ ಇದ್ದಾನೆ. ಸಂಜೆ ಹೋಗಿ ಅವರ ಹತ್ತಿರವೇ ಕೇಳು.

ಗಡಿನಾಡ ಇಂಜಿನಿಯರ್

ಒಂದು ಕುಟುಂಬದ ಕಥೆಯಿಂದ ಮದ್ದು ಕೆಲಸ ಮಾಡುವುದಿಲ್ಲ ಎಂದು ಸಾಬೀತಾಗುವುದಿಲ್ಲ.

ಪಯಸ್ವಿನಿ

ಖಂಡಿತ ಆಗುವುದಿಲ್ಲ. ಆಗುತ್ತದೆ ಎಂದು ನಾನೂ ಹೇಳಿಲ್ಲ. ನೀವು ಸ್ವತಃ ತೆಗೆದುಕೊಂಡ ಎರಡು ಮೂರು ಸಂಯುಕ್ತಗಳ ವಿಷಯದಲ್ಲಿ ನಿಮ್ಮ ಅಜ್ಜಿ ಪಕ್ಕದಲ್ಲಿದ್ದರೇ, ಅಷ್ಟು ಹೇಳಿ.

ಮದ್ದಿನಂಗಡಿ ಉಪ್ಪಳ, ಬುಧವಾರ ರಾತ್ರಿ

ತೋಟಗಾರ ಅಣ್ಣಾ, ಆ ಹುಡಿಯನ್ನು ಬಾವಿಯ ಹತ್ತಿರವೋ ಹಟ್ಟಿಯ ಗೊಬ್ಬರಕ್ಕೋ ಎಸೆಯಬೇಡಿ. ಪೊಟ್ಟಣ ಸಮೇತ ಇನ್ನೊಂದು ಚೀಲಕ್ಕೆ ಹಾಕಿ ಕಟ್ಟಿ ನನ್ನ ಅಂಗಡಿಗೆ ತನ್ನಿ. ಅವಧಿ ಮುಗಿದ ಔಷಧಗಳ ಜೊತೆ ಕಳುಹಿಸಬಹುದೇ ಎಂದು ವಿಚಾರಿಸುತ್ತೇನೆ. ಹುಡುಗನಿಗೆ ತಲೆನೋವು, ಎದೆಬಡಿತ, ನಿದ್ದೆ ಬಾರದಿರುವುದು ಏನಾದರೂ ಇದ್ದರೆ ವೈದ್ಯರಿಗೆ ತೋರಿಸಿ, ಅಂಟುಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ಹತ್ತೊಂಬತ್ತು

ಏನೂ ಇಲ್ಲ. ಎರಡೇ ದಿನ ತಾನೇ ತಿಂದದ್ದು. ಉಳಿದದ್ದು ಕೂವೆ.

ಮಾಷ್ಟ್ರೇ, ಓದಿ ಪುಸ್ತಕ ಮುಚ್ಚಿ ಬರೆಯುವುದು ಎಂದಿರಲ್ಲ, ಭೌತಶಾಸ್ತ್ರಕ್ಕೆ ಅದು ಆಗುತ್ತದೆಯೇ? ಸೂತ್ರ ನೆನಪಿರುತ್ತದೆ, ಲೆಕ್ಕ ಬಂದಾಗ ಯಾವುದನ್ನು ಹಾಕಬೇಕೆಂದು ತಿಳಿಯುವುದಿಲ್ಲ.

ಮೀಯಪದವಿನ ಮಾಷ್ಟ್ರು

ಅದು ನೆನಪಿನ ತೊಂದರೆಯೇ ಅಲ್ಲ ಮಗೂ, ಯಾವ ಹುಡಿಯೂ ಅಲ್ಲಿಗೆ ತಲುಪುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಮನೆಗೆ ಬಾ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತಾ. ಹಳದಿ ಪೆನ್ನು ಅಲ್ಲೇ ಇರಲಿ.

ಪೆರ್ಲದ ಅಕ್ಕ

ಮದ್ದಿನಂಗಡಿಯವರೇ, ಆ ನೀರುಬ್ರಾಹ್ಮಿಯ ಬಳ್ಳಿ ನಿಮ್ಮಲ್ಲಿ ಇದ್ದರೆ ಒಂದು ತುಂಡು ತೆಗೆದಿಡಿ. ನಮ್ಮ ಮನೆಯ ಹಿಂದಿನ ತೋಡಿನಲ್ಲಿ ನೀರು ಇರುವಾಗಲೇ ನೆಡಬೇಕು.

ಮದ್ದಿನಂಗಡಿ ಉಪ್ಪಳ

ಅಂಗಡಿಯಲ್ಲಿಲ್ಲ ಅಕ್ಕಾ, ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಬ್ಬಿದೆ. ಬರುವಾಗ ಒಂದು ತೊಟ್ಟೆ ತನ್ನಿ, ಬೇರು ಸಮೇತ ಕೊಡುತ್ತೇನೆ.